ರುಮಾಲಿನಂಗಡಿಯ ಬರಿದಲೆ

ಒಬ್ಬನ ತಲೆಗೆ ಬೇನೆ ಬಂದರೆ ಊರಿಗೆಲ್ಲ ಬಾಯಿ ಬರುತ್ತದೆ. ದುರ್ಗದ ಪೇಟೆಯಲ್ಲಿ ರುಮಾಲು ಮಾರಿಕೊಂಡು ಸುಖವಾಗಿದ್ದ ನನಗೆ ಇಂಥ ಪ್ರಸಂಗಗಳು ಒಂದರ ಹಿಂದೊಂದು ಬಂದವು.

೧. ಡಾಕ್ಟರ ಅಪ್ಪಣೆ

ನೆತ್ತಿಯ ತುಂಬ ಕೀವುಗುಳ್ಳೆ. ಒಂದು ಒಣಗಿದರೆ ಪಕ್ಕದಲ್ಲಿ ಎರಡು. ಆಸ್ಪತ್ರೆಯ ಡಾಕ್ಟರು ನೋಡಿ, "ಕೂದಲ ಬುಡಕ್ಕೇ ಉರಿ ಹತ್ತಿದೆ. ಬೇರೆಯವರಿಗೆ ಅಂಟೋದಿಲ್ಲ, ನಿಮ್ಮನ್ನು ಬಿಟ್ಟೂ ಹೋಗೋದಿಲ್ಲ. ಎಣ್ಣೆ ಬಿಡಿ, ಬಿಸಿನೀರಿನ ಬಟ್ಟೆ ಒತ್ತಿ, ರುಮಾಲು ಕಟ್ಟಲೇಬೇಡಿ" ಎಂದರು.

"ಸ್ವಾಮಿ, ನಾನು ಮಾರೋದೇ ರುಮಾಲು!"

"ಮಾರ್ರಿ. ಬೇನೆ ಇರೋದು ನಿಮ್ಮ ತಲೆಗೆ, ಗಿರಾಕಿ ತಲೆಗಲ್ಲ."

ಮನೆಯಾಕೆ ಹಣೆ ಚಚ್ಚಿಕೊಂಡಳು. ಇಪ್ಪತ್ತು ತುಂಬಿದ ಮಗಳನ್ನು ನೋಡಲು ಹೊಳಲ್ಕೆರೆಯವರು ಮುಂದಿನ ಸೋಮವಾರವೇ ಬರುವವರಿದ್ದರು. ಹಿಂದೆ ಎರಡು ನೆಂಟಸ್ತಿಕೆ ತಪ್ಪಿದ್ದವು. "ಮಾವನಾಗೋರು ಸೂತಕದೋರ ಹಂಗೆ ಬರಿದಲೇಲಿ ಕುಂತ್ರೆ ಇದೂ ಹೋದಂಗೇ ಅನ್ರಿ" ಎಂದಳು.

೨. ಹಿರೇಗುಂಟನೂರಿನ ಗಿರಾಕಿ

ಬರಿದಲೆಯಲ್ಲಿ ಅಂಗಡಿಯಲ್ಲಿ ಕೂತ ಮೊದಲ ದಿನವೇ ಹಿರೇಗುಂಟನೂರಿನ ಹಳೇ ಗಿರಾಕಿ ಬಂದ. ನನ್ನ ತಲೆ ನೋಡಿದವನೇ ತನ್ನ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, "ಹಿರೇರು ಒಳ್ಳೆ ಮನುಷ್ಯ ಆಗಿದ್ರು ಬಿಡ್ರಿ" ಎಂದು ಮೂಗು ಒರೆಸಿಕೊಂಡ.

ಒಳಗೆ ಬಟ್ಟೆ ಮಡಿಸುತ್ತಿದ್ದ ನಮ್ಮ ಅಪ್ಪ ಹೊರಗೆ ಬಂದು, "ಯಾರಪ್ಪ ಸತ್ತೋರು?" ಎಂದರು.

"ನೀವೇ... ಅಂದ್ಕಂಡೆ."

ಅಪ್ಪ ಸೊಂಟ ತಟ್ಟಿಕೊಂಡರು. "ಲೇ, ಪೆಟ್ಟಿಗೆ ಬೀಗದಕೈ ಇನ್ನೂ ಇಲ್ಲೇ ಐತೆ. ಇದು ಇವನ ಸೊಂಟಕ್ಕೆ ಹೋದ ದಿನ ಬಂದು ಅಳು."

೩. ಬೇವಿನ ಸೊಪ್ಪು

ಹಿರಿಯೂರಿನ ಭಾವಮೈದ ಬಂದು ಬೇವಿನ ಸೊಪ್ಪು ಅರೆದು ತಲೆಗೆ ಮೆತ್ತಿದ. ಜಗುಲಿಯಲ್ಲಿ ತೂಕಡಿಸುತ್ತಿದ್ದಾಗ ಯಾರೋ ನೆತ್ತಿ ಸವರಿದಂತಾಯಿತು.

"ಭಾಳ ಹಿತ ಐತೆ ಕಣಯ್ಯ, ಇನ್ನೊಂದಿಷ್ಟು ಸವರು" ಎಂದೆ.

ಭಾವಮೈದ ಅಂಗಳದಾಚೆಯಿಂದ ಕೂಗಿದ: "ಭಾವ, ಅಲುಗಾಡಬ್ಯಾಡ್ರಿ, ಮೇಕೆ ಇನ್ನೂ ತಿಂತಾ ಐತೆ!"

೪. ಹೆಣ್ಣು ನೋಡಿದ್ದು

ಸೋಮವಾರ ಮನೆಯಾಕೆಯ ಹಟಕ್ಕೆ ಜರಿ ಅಂಚಿನ ರುಮಾಲು ಸುತ್ತಿಕೊಂಡೆ. ಹೊಳಲ್ಕೆರೆಯವರು ಎಲೆ ಅಡಿಕೆ ಬಾಯಿಗೆ ಹಾಕುವಷ್ಟರಲ್ಲಿ ಒಂದು ಗುಳ್ಳೆ ಒಡೆದು ಬಿಳಿ ಬಟ್ಟೆಯ ಮೇಲೆ ಕಲೆ ಮೂಡಿತು. ಹುಡುಗನ ಅಪ್ಪನ ಕಣ್ಣು ಅಲ್ಲೇ ನಿಂತಿತು. ತೂತು ಒಳಗೆ ಮಡಿಸಿ ಮಾರಿದ ಬಟ್ಟೆ ಅಂಗಡಿಗೇ ವಾಪಸು ಬರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ರುಮಾಲು ಬಿಚ್ಚಿ ತಲೆ ಬಗ್ಗಿಸಿದೆ. "ನೋಡ್ಕಳ್ರಿ. ಅಂಟೋದಲ್ಲ ಅಂತ ಡಾಕ್ಟರು ಹೇಳವ್ರೆ."

"ಹುಡುಗಿಗೂ ಐತೇನ್ರಿ?" ಎಂದ ಹುಡುಗನ ಅಪ್ಪ.

"ಜಡೆ ಬಿಚ್ಚಿ ತೋರಿಸ್ತೀವಿ" ಎಂದರು ನಮ್ಮ ಅಪ್ಪ. "ಹುಡುಗನ ರುಮಾಲೂ ಬಿಚ್ಲಿ."

ಹುಡುಗ ತನ್ನಪ್ಪನ ಮುಖ ನೋಡಿದ. ಅವನಪ್ಪ ನೆಲ ನೋಡಿದ. ಸುತ್ತು ಸುತ್ತಾಗಿ ರುಮಾಲು ಕಳಚಿತು. ಇಪ್ಪತ್ತೈದರ ಹುಡುಗನ ತಲೆ ಹುಣಿಸೆಹಣ್ಣು ಹಾಕಿ ಬೆಳಗಿದ ತಟ್ಟೆಯಂತೆ ಮಿರುಗುತ್ತಿತ್ತು. ಹುಡುಕಿದರೂ ಒಂದು ಕೂದಲಿಲ್ಲ.

ಬಾಗಿಲ ಮರೆಯಲ್ಲಿ ತಾಯಿ ಮಗಳ ಪಿಸುಮಾತು ನಡೆಯಿತು. ಕೊನೆಗೆ ಮನೆಯಾಕೆ ಇಣುಕಿದಳು:

"ಹುಡುಗಿ ಒಪ್ಪಿದಾಳ್ರಿ. ಅಪ್ಪನ ಬೇನೆ ಕೂದಲ ಬುಡದ್ದಂತಲ್ಲ, ಇವರಿಗೆ ಜನ್ಮದಾಗೆ ಬರಂಗಿಲ್ಲ ಅಂತಾಳೆ!"