ಆಣೆಗೆ ಮುಕ್ಕಾಲು ಇಂಚು

ನಿಮ್ಮ ಅಜ್ಜ ನನ್ನನ್ನು ಅಳೆದು ಮದುವೆಯಾದರು. ನಗಬೇಡಿ ಮಕ್ಕಳೇ, ಖರೇ ಹೇಳುತ್ತಿದ್ದೇನೆ! ಕನ್ಯೆ ನೋಡಲು ಬಂದವರು ನನ್ನ ಮುಖ ನೋಡಿದ್ದು ಕಡಿಮೆ, ನಾನು ನಿಂತಿದ್ದ ಬಾಗಿಲ ಚೌಕಟ್ಟು ನೋಡಿದ್ದೇ ಹೆಚ್ಚು. ಹೊರಗೆ ಹೋಗಿ ತಮ್ಮ ತಾಯಿಗೆ, "ಹುಡುಗಿ ಎರಡೂವರಿ ಆಣೆ ಅದಾಳ, ಸಾಕು," ಎಂದರಂತೆ.

ಅವರು ಮೋಜಣಿ ಇಲಾಖೆಯವರು. ಹೊಲ ಅಳೆಯುವ ಹಳೆಯ ಸರಪಳಿ ಮೂವತ್ಮೂರು ಫೂಟು. ಅದನ್ನು ಹದಿನಾರು ಪಾಲು ಮಾಡಿದರೆ ಒಂದು ಪಾಲು ಒಂದು ಆಣೆ. ಇಲಾಖೆ ಮೀಟರಿಗೆ ಹೋಯಿತು, ಇವರು ಹೋಗಲಿಲ್ಲ. ನಮ್ಮ ಮಂಚ ಮೂರು ಆಣೆ, ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿ ಅರ್ಧ ಸರಪಳಿ. ಇಂಥವರ ಜೊತೆ ಸಂಸಾರ ಮಾಡಿದವಳಿಗೆ ಲೆಕ್ಕ ಬರದೆ ಇರುತ್ತದೆಯೇ?

ಬೆಳಗಾವಿಯ ಅನಗೋಳದಲ್ಲಿ ಮನೆ ಮಾಡಿದ ಹೊಸತರಲ್ಲಿ ನಡುಮನೆಯ ಬಾಗಿಲಿಗೆ ಪರದೆ ಹೊಲಿಸಬೇಕಾಗಿತ್ತು. ಇವರು ದರ್ಜಿಗೆ ಮೂರು ಆಣೆ ಎಂದರು.

"ಸಾಹೇಬ್ರ, ನನ್ನ ಟೇಪಿನ್ಯಾಗ ಆಣೆ ಇಲ್ರಿ. ಫೂಟಿನ್ಯಾಗ ಹೇಳ್ರಿ."

"ಒಂದು ಆಣೆ ಅಂದ್ರ ಎರಡು ಫೂಟು, ಮ್ಯಾಲ ಮುಕ್ಕಾಲು ಇಂಚು."

ದರ್ಜಿ ಫೂಟು ಹಿಡಿದ, ಮುಕ್ಕಾಲು ಇಂಚು ಬಿಟ್ಟ. ಪರದೆ ಎರಡು ಇಂಚಿನ ಮೇಲೆ ಗಿಡ್ಡವಾಯಿತು. ಬಂದವರ ಎದುರಿಗೆ ಹೋಗಲು ನಾಚಿ ಪರದೆಯ ಹಿಂದೆ ನಿಂತು ಮಾತು ಕೇಳುವುದು ನನ್ನ ರೂಢಿ. ಈಗ ನನ್ನ ಕಾಲ್ಬೆರಳೆಲ್ಲ ಊರಿಗೆ ಕಾಣತೊಡಗಿದವು! ಒಮ್ಮೆ ಯಾರೋ ನನ್ನ ಕಾಲುಂಗುರ ನೋಡಿಯೇ ನಮಸ್ಕಾರ ಹೇಳಿ ಹೋದರು. ಇವರು ಮಾತ್ರ ದರ್ಜಿಯನ್ನು ಬೈಯಲಿಲ್ಲ. ಮುಕ್ಕಾಲು ಇಂಚು ಬಿಟ್ಟವರಿಗೆ ಸರಪಳಿಗೆ ಒಂದು ಫೂಟು ಹೋಗುತ್ತದೆ, ಹಾಗೆಯೇ ಅಣ್ಣತಮ್ಮಂದಿರ ಹೊಲ ಹೋಗುತ್ತದೆ ಎಂದು ನನಗೇ ಪಾಠ ಹೇಳಿದರು.

ಪೇಟೆಗೆ ಹೊರಟರೆ ಇವರು ಮುಂದೆ, ನಾನು ಹಿಂದೆ. ನನ್ನದು ಆಮೆಯ ನಡಿಗೆ. ಸ್ವಲ್ಪ ದೂರಕ್ಕೊಮ್ಮೆ ತಿರುಗಿ, "ಒಂದು ಸರಪಳಿ ಹಿಂದ ಉಳದಿ ನೋಡು," ಎನ್ನುವರು. ಬೈಗುಳವಲ್ಲ, ಬರೀ ಅಳತೆ. ನಾನು ಮುಟ್ಟುವ ತನಕ ಕೊಡೆ ಊರಿಕೊಂಡು ನಿಂತಿರುವರು.

ನಿವೃತ್ತಿಯಾದ ಮೇಲೆ ಒಂದು ದಿನ, ಎಲ್ಲಾದರೂ ಹೋಗೋಣ ನಡಿ ಎಂದರು. ಬೇರೆ ಗಂಡಂದಿರು ಲೋಂಡಾ ದಾಟಿ ಗೋವಾ ತೋರಿಸಿಕೊಂಡು ಬರುತ್ತಾರೆ. ನಾನೂ ಒಳ್ಳೆಯ ಸೀರೆ ಉಟ್ಟೆ. ಇವರು ನನ್ನನ್ನು ಖಾನಾಪುರದ ಹತ್ತಿರದ ನಮ್ಮ ಹೊಲಕ್ಕೆ ಕರೆದೊಯ್ದು, ಮೂಲೆಯ ನೇರಳೆ ಮರದ ಕೆಳಗೆ ಗೂಟ ಹೊಡೆದರು.

"ಇದು ನಂದು. ಇದರ ಬಾಜೂಕ ನಾಕು ಆಣೆ ಬಿಟ್ಟೀನಿ. ಎರಡು ಆಣೆ ನಿನಗ. ಉಳದ ಎರಡು, ಮೊಮ್ಮಕ್ಕಳು ಬಂದ್ರ ಕುಂದ್ರಾಕ."

ಸೀರೆ ಉಟ್ಟುಕೊಂಡು ಬಂದು ನನ್ನನ್ನು ಮಣ್ಣು ಮಾಡುವ ಜಾಗವನ್ನು ನಾನೇ ನೋಡಿದೆ! ಬಸ್ಸಿನಲ್ಲಿ ಬೆಳಗಾವಿ ಮುಟ್ಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತೆ.

ಹೋದ ವರ್ಷ ಆ ಗೂಟದ ಹತ್ತಿರವೇ ಅವರನ್ನು ತಂದೆವು. ತೀರಿಹೋದವರ ಪಾದದಿಂದಲೇ ಕುಣಿ ಅಳೆಯುವುದು ನಮ್ಮ ಪದ್ಧತಿ: ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ಹಿರಿಯರೊಬ್ಬರು ಬಿದಿರ ಕಡ್ಡಿಯನ್ನು ಅವರ ಅಂಗಾಲಿಗೆ ಹಿಡಿದು ಮುರಿದುಕೊಂಡರು. ಬೇರೆಯವರು ಅಳೆಯುವಾಗ ಇವರು ಸುಮ್ಮನಿದ್ದುದು ಅದೊಂದೇ ಸಲ. ಅದಕ್ಕೇ ನನಗೆ ಅಳು ತಡೆಯಲಾಗಲಿಲ್ಲ.

ಮುಂದೆ ಕೆಲವು ತಿಂಗಳಿಗೆ ಆ ಹೊಲ ನೋಡಿಕೊಳ್ಳುವ ನನ್ನ ಮೈದುನ, ಅಣ್ಣ ಬಿಟ್ಟ ನಾಲ್ಕು ಆಣೆ ಜಾಗಕ್ಕೆ ಗಡಿಕಲ್ಲು ಕಟ್ಟಿಸಿ, ಅದರ ಆಚೆ ಟ್ರ್ಯಾಕ್ಟರಿಗೆ ದಾರಿ ಬಿಡುವುದಾಗಿ ಹೇಳಿ ಕಳಿಸಿದ. ನಾನು ಹೋದಾಗ ಗವಂಡಿ ಸಮಾಧಿಯ ಬದಿಗೆ ಟೇಪು ಹಿಡಿದು ಎಂಟು ಫೂಟಿಗೆ ಕಲ್ಲು ಇಡುತ್ತಿದ್ದ. ಮೈದುನ, ಹೊಲದವರು, ಎಲ್ಲ ಗಂಡಸರೇ. ಪರದೆ ಇರಲಿಲ್ಲ, ನೇರಳೆ ಮರದ ಹಿಂದೆ ನಿಂತೆ. ಬಹಳ ಹೊತ್ತು ನಿಂತೆ. ಆಮೇಲೆ ಮುಂದೆ ಬಂದೆ.

"ತಮ್ಮಾ, ಆಣೆಗೆ ಮುಕ್ಕಾಲು ಇಂಚು ಬಿಟ್ಟೀಯಲ್ಲೋ. ನಾಕು ಆಣೆಗೆ ಎಂಟು ಫೂಟು ಮೂರು ಇಂಚು."

ಎಲ್ಲರೂ ತಿರುಗಿ ನೋಡಿದರು. ಮೈದುನ ನಕ್ಕ.

"ಮೂರು ಇಂಚಿಲೇ ಏನಾಗತೈತ್ರಿ ವೈನಿ?"

"ಏನೂ ಆಗೂದಿಲ್ಲ. ಆದ್ರ ಅವರು ಅಳದು ಇಟ್ಟದ್ದು. ನನಗ ಅಷ್ಟೂ ಬೇಕು."

ಅವನ ನಗು ನಿಂತಿತು. ತಾನೇ ಬಗ್ಗಿ ಕಲ್ಲು ಸರಿಸಿದ.

ನೀವು ಬಂದಾಗ ಅಲ್ಲಿ ಕುಳಿತುಕೊಳ್ಳಿ, ನಿಮಗೆಂದೇ ಬಿಟ್ಟ ಜಾಗವದು. ನಾನು ಹೋದಾಗ ಬದುವಿನ ಮೇಲೆ ನಿಧಾನವಾಗಿಯೇ ನಡೆಯುತ್ತೇನೆ. ಎಷ್ಟು ಹಿಂದೆ ಉಳಿದೆ ಎಂದು ತಿರುಗಿ ಹೇಳುವವರಿಲ್ಲ. ಮರದ ಹತ್ತಿರ ಬಂದಾಗ ನಾನೇ ಮೆಲ್ಲಗೆ ಹೇಳುತ್ತೇನೆ: "ನಿಂದರ್ರಿ, ಬಂದೆ. ಇನ್ನ ಎರಡ ಆಣೆ ಐತಿ."