ಒಂದು ಕೊಯ್ತಾ, ನಾನೂರು ಪಾಸು

ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ; ಕೂಲಿಯ ಲೆಕ್ಕದಲ್ಲಿ ಒಂದು ಕೊಯ್ತಾ ಎಂದರೆ ಇಬ್ಬರು ಮನುಷ್ಯರು. ಗಂಡ ಬುಡ ಕಡಿಯುತ್ತಾನೆ. ಹೆಂಡತಿ ಒಣಗರಿಯ ರವದಿ ಸುಲಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುತ್ತಾಳೆ. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವ ಯಾರಿಗೂ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಎರಡು ಸಾವಿರದ ಮೂರನೇ ಇಸವಿಯಲ್ಲಿ, ಮಿರಜಿನ ತಂಬೂರಿ ಅಂಗಡಿಯ ಮಾಳಿಗೆಯ ಮೇಲೆ, ಇದಕ್ಕಾಗಿ ಜಗಳ ಹತ್ತಿತ್ತು.

ಮಾಳಿಗೆ ಜಯಪಾಲನ ಕಂಪ್ಯೂಟರ್ ಆಫೀಸು. ಅವನು ಬರೆದ ಪ್ರೋಗ್ರಾಮನ್ನು ಗಿರಾಕಿಗೆ ಕೊಡುವ ಮೊದಲು ಕೂತು, ಕೈಯಿಂದ ಒಂದೊಂದೇ ಫಾರ್ಮು ತುಂಬಿ ತಪ್ಪು ಹುಡುಕುವುದು ತಂಗೆವ್ವನ ಕೆಲಸ. ಇವತ್ತು ಆ ಕೆಲಸಕ್ಕೇ, ಪ್ರೋಗ್ರಾಮಿಗೆ ಪ್ರಶ್ನೆ ಹಾಕಿ ಉತ್ತರ ತಾಳೆ ನೋಡುವ ಯಂತ್ರ ಬಂದಿತ್ತು.

ಜಯಪಾಲ: ಎರಡ ಮಿನಿಟನ್ಯಾಗ ನಾನೂರ ಪ್ರಶ್ನೆ. ನಾನೂರೂ ಪಾಸ್! ನಿನಗೆಷ್ಟ ದಿನ ಬೇಕಿತ್ತು?

ತಂಗೆವ್ವ: ಒಂಬತ್ತ ದಿನಾರಿ.

ಜಯಪಾಲ: ಮತ್ತ ನಡುವ ಚಹಾ.

ತಂಗೆವ್ವ: ಚಹಾ ನೀವೂ ಕುಡೀತೀರಿ. ನಿಮ್ಮ ಬದಲಿ ಯಂತ್ರ ಯಾರೂ ತಂದಿಲ್ಲ.

ಕುರ್ಚಿಯಲ್ಲಿ ಗುರುಸಿದ್ಧಪ್ಪ ತುಂಬಿಕೊಂಡು ಕೂತಿದ್ದರು. ಸಾಂಗಲಿಯ ಪೇಟೆಯಲ್ಲಿ ಅರಿಶಿನದ ವ್ಯಾಪಾರ, ಸಹಕಾರಿ ಸಕ್ಕರೆ ಕಾರಖಾನೆಯಲ್ಲಿ ಡೈರೆಕ್ಟರ್. ಈ ಪ್ರೋಗ್ರಾಮು ಕಾರಖಾನೆಯದೇ. ಇದರಿಂದ ಕಬ್ಬು ಕಡಿಯುವವರಿಗೆ ದವಾಖಾನೆಯ ಕಾರ್ಡು ಹೊರಡುತ್ತದೆ, ಸಭಾಸದರ, ಅಂದರೆ ಕಾರಖಾನೆಯ ಚುನಾವಣೆಯಲ್ಲಿ ಮತ ಹಾಕುವ ಸದಸ್ಯರ ಯಾದಿಯೂ ಹೊರಡುತ್ತದೆ. ಅವರು ಸಹಿ ಮಾಡಿದರೆ ನಾಲ್ಕು ಗಂಟೆಗೆ ಎರಡೂ ಅಚ್ಚಾಗುತ್ತವೆ.

ಗುರುಸಿದ್ಧಪ್ಪ: ನಾನೂರಕ್ಕ ನಾನೂರು! ನಮ್ಮ ಪೋರ ಹತ್ತನೇತ್ತಾ ಪರೀಕ್ಷೆಗೆ ಮೂರ ಸಲ ಕುಂತಾನ, ಇದರ ಕಾಲಭಾಗ ಮಾರ್ಕ್ಸ್ ಬಿದ್ದಿಲ್ಲ. ಯಂತ್ರ ಭಾರಿ ಶಾಣ್ಯಾ ಐತೋ ಜಯಪಾಲ.

ತಂಗೆವ್ವ: ಆ ಪ್ರಶ್ನೆ ತಗದವ್ರ ಯಾರ್ರಿ?

ಜಯಪಾಲ: ನಾನ.

ತಂಗೆವ್ವ: ಸರಿ ಉತ್ತರ ಯಾವ್ದಂತ ಬರದಿಟ್ಟವ್ರು?

ಜಯಪಾಲ: ಅದೂ ನಾನ.

ತಂಗೆವ್ವ: ಪ್ರೋಗ್ರಾಮ್ ಬರದವ್ರು?

ಜಯಪಾಲ: ಊರಿಗೆಲ್ಲಾ ಗೊತ್ತೈತಿ, ನಾನ!

ತಂಗೆವ್ವ: ಅಂದ್ರ ತಾನ ಪ್ರಶ್ನೆ ತಗದು, ತಾನ ಪೇಪರ್ ಬರದು, ತಾನ ಮಾರ್ಕ್ಸ್ ಹಾಕ್ಕೊಂಡಂಗ. ಕಾಕಾ, ನಿಮ್ಮ ಹುಡುಗಗೂ ಈ ಸಾಲಿ ತೋರಸ್ರಿ, ಮೊದಲನೇ ನಂಬರ್ ಬರ್ತಾನ.

ಕೆಳಗೆ ತಂಬೂರಿ ಮಾಡುವವನು ತಂತಿ ಮೀಟಿ, ಕಿವಿಗೊಟ್ಟು, ಒಂದಿಷ್ಟು ಉಜ್ಜಿ ಮತ್ತೆ ಮೀಟಿದ. ಜಯಪಾಲನಿಗೆ ಆ ಸಪ್ಪಳವೂ ಇವಳ ಕಡೆಗೇ ಸೇರಿದಂತೆ ಕೇಳಿತು.

ಜಯಪಾಲ: ದೊಡ್ಡ ಮಾತ ಬ್ಯಾಡ. ಹೋದ ತಿಂಗಳ ಮೂವತ್ತೆಂಟನೇ ಫಾರ್ಮನ್ಯಾಗ ಹುಟ್ಟಿದ ವರ್ಷ ತಪ್ಪಿತ್ತು. ಬಿಟ್ಟಾಕಿ ಯಾರು?

ತಂಗೆವ್ವ: ನಾನರಿ. ಕಣ್ಣ ಎಳದಿದ್ದುವು, ಬಿಟ್ಟೆ. ಆ ಕೆಲಸಕ್ಕ ನಿಮ್ಮ ಯಂತ್ರನ ಬೇಕು. ನಿನ್ನೆ ಸರಿ ಇದ್ದದ್ದು ಇವತ್ತ ಕೆಟ್ಟೈತೇನಂತ ದಿನಾ ಕೇಳ್ಲಿ, ಗಾಣದ ಎತ್ತಿಗೆ ಬ್ಯಾಸರಿಲ್ಲ. ಆದ್ರ ಒಳಗ ಹಾಕಿದ್ದು ಎಳ್ಳೋ ಮಣ್ಣೋ ಅಂತ ಗಾಣದ ಎತ್ತು ಕೇಳಂಗಿಲ್ಲರಿ.

ಗುರುಸಿದ್ಧಪ್ಪ: ಈಗ ಮಣ್ಣ ಯಾವ್ದು ಹೇಳ ಯವ್ವಾ, ಸಹಿ ಮಾಡಿ ಹೋಗತೇನಿ.

ತಂಗೆವ್ವ: ಹೋದ ವಾರ ನಮೂನೆಗಂತ ಮೊದಲನೇ ಕಟ್ಟಿನ ಕಾರ್ಡ್ ಹಂಚೀರಿ. ನಮ್ಮಕ್ಕ ಹಣಮವ್ವ ಕಸಬೆ ಡಿಗ್ರಜ ಊರಾಗ ಕಬ್ಬ ಕಡ್ಯಾಕತ್ತಾಳ. ಕಾಲಿಗೆ ಕೊಯ್ತಾ ಬಡದೈತಿ. ನಿಮ್ಮ ದವಾಖಾನ್ಯಾಗ ಕಂಪೌಂಡರ್ ಕಾರ್ಡ್ ನೋಡಿ, ಇದರಾಗ ನಿನ್ನ ಗಂಡ ರಾವಸಾಬನ ಹೆಸರೈತಿ, ರಾವಸಾಬನ ಕಾಲ ತೋರ್ಸು ಅಂದ್ನಂತ. ರಾವಸಾಬ ಮಾವಗ ಕಾಲ ಚಂದಾಗಿ ಅದಾವ್ರಿ.

ಗುರುಸಿದ್ಧಪ್ಪ ನಗಲು ಬಾಯಿ ತೆರೆದರು. ತಂಗೆವ್ವನ ಮುಖ ನೋಡಿ ಅದನ್ನು ಆಕಳಿಕೆ ಮಾಡಿಕೊಂಡರು.

ಜಯಪಾಲ: ಕಾರಖಾನೆಯವ್ರ ಹೇಳಿದ್ದು ಒಂದ ಕೊಯ್ತಾ, ಒಂದ ಕಾರ್ಡ್. ಯಂತ್ರ ಕೇಳಿದ್ದೂ ಅದನ್ನ. ಅಗದಿ ಬರೋಬರ ಪಾಸ್ ಆಗೇತಿ.

ತಂಗೆವ್ವ: ಕೊಯ್ತಾಕ್ಕ ಎಷ್ಟ ಕಾಲ ಅಂತ ಕೇಳಿತ್ತೇನ್ರಿ?

ಗುರುಸಿದ್ಧಪ್ಪ: ಏ ಪೋರಿ, ಗಂಡನ ಹೆಸರಿದ್ರ ಹೆಂಡ್ತಿ ಬಂದಂಗ ಆತು. ಹಿಂದಿಂದ ನಡಕೊಂಡ ಬಂದದ್ದು. ಗಂಡಾ ಹೆಂಡ್ತಿ ಅಂದ್ರ ಒಂದ. ತಾ ಪೆನ್ನ.

ತಂಗೆವ್ವ ಪೆನ್ನು ಕೊಡಲಿಲ್ಲ. ಮುಂಜಾನೆಯೇ ತೆಗೆದು ಡ್ರಾವರಿನಲ್ಲಿ ಇಟ್ಟಿದ್ದ ಹಾಳೆಯೊಂದನ್ನು ಅವರ ಮುಂದೆ ಹರವಿದಳು.

ತಂಗೆವ್ವ: ಹಂಗಾದ್ರ ಇದಕ್ಕೂ ಸಹಿ ಆಗ್ಲಿರಿ. ನಾಳೆ ಗ್ವಾಡಿಗೆ ಹಚ್ಚೂ ಸಭಾಸದರ ಯಾದಿ. ತಪ್ಪ ಹುಡುಕೂ ಮುಂದ ನಾ ಗುರುತಿನವ್ರ ಹೆಸರ ಹಾಕಿ ನೋಡ್ತೇನ್ರಿ, ಕೈ ರೂಢಿ. ನಿಮ್ಮ ಮನೀವ್ರನ್ನ ಹಾಕಿದ್ದೆ.

ಗುರುಸಿದ್ಧಪ್ಪ ಕನ್ನಡಕ ಏರಿಸಿದರು. ಬೆರಳು ಸಾಲಿನ ಮೇಲೆ ಮುಂದೆ ಹೋಯಿತು, ಹಿಂದೆ ಬಂತು, ನಿಂತಿತು.

ಗುರುಸಿದ್ಧಪ್ಪ: ನಾ ಇದ್ದೇನಿ... ನಮ್ಮಾಕಿ ನೀಲಾಬಾಯಿ ಎಲ್ಲಿ?

ತಂಗೆವ್ವ: ನಿಮ್ಮೊಳಗ ಅದಾರ್ರಿ. ಗಂಡಾ ಹೆಂಡ್ತಿ ಅಂದ್ರ ಒಂದ.

ಗುರುಸಿದ್ಧಪ್ಪ: ಏ, ಆಕಿ ಬ್ಯಾರೆ ಸಭಾಸದ! ಆಕೀದ ಬ್ಯಾರೆ ಮತ!

ಹೋದ ಚುನಾವಣೆಯಲ್ಲಿ ಇವರು ಒಂದೇ ಮತದಿಂದ ಆರಿಸಿ ಬಂದಿದ್ದರು. ಆ ಒಂದು ಮತ ಇವರ ಅಡಿಗೆಮನೆಯಿಂದ ಬಂದದ್ದೆಂದು ಪೇಟೆಗೆಲ್ಲ ಗೊತ್ತಿತ್ತು. ಮುಂದಿನ ತಿಂಗಳು ಮತ್ತೆ ಚುನಾವಣೆ.

ಗುರುಸಿದ್ಧಪ್ಪ: ಜಯಪಾಲಾ! ಇದೇನೋ?

ಜಯಪಾಲ: ಕಾಕಾ... ಕೂಲಿಯವ್ರಿಗೆ ಬರದ, ಒಂದ ಜೋಡಿಗೆ ಒಂದ ಹೆಸರ ಅನ್ನೂ ನೇಮಾನ ಸಭಾಸದರಿಗೂ ಹಚ್ಚೇನಿ. ಪ್ರಶ್ನೆನೂ ಅಲ್ಲಿಂದನ ಎತ್ತಿಟ್ಟಿದ್ದೆ. ಪಾಸ್ ಆಗಿತ್ತು...

ಗುರುಸಿದ್ಧಪ್ಪ: ನಿನ್ನ ಪಾಸಿಗೆ ಬೆಂಕಿ ಹಚ್ಚು! ನನ್ನ ಹೆಂಡ್ತೀನ ನುಂಗಿ ಪಾಸ್ ಆಗೇತಂತ! ಬರೇ ನಮ್ಮ ಯಾದಿ ಸರಿ ಮಾಡಾಕ ಎಷ್ಟ ಹೊತ್ತು?

ಜಯಪಾಲ: ಬರೇ ಅದಾದ್ರ ನೇಮ ಸೀಳಿ ಬ್ಯಾರೆ ಮಾಡಬೇಕು, ಎರಡ ದಿನಾರಿ. ಎರಡಕ್ಕೂ ಕೂಡೇ ಆದ್ರ ಐದ ಮಿನಿಟ್.

ಗಡಿಯಾರದಲ್ಲಿ ಮೂರೂವರೆ. ಅನ್ಯಾಯವನ್ನು ಉಳಿಸಿಕೊಳ್ಳಲು ಎರಡು ದಿನ, ಬಿಡಲು ಐದು ನಿಮಿಷ. ಗುರುಸಿದ್ಧಪ್ಪ ವ್ಯಾಪಾರಿ, ಹೊತ್ತಿನ ಬೆಲೆ ಬಲ್ಲವರು.

ಗುರುಸಿದ್ಧಪ್ಪ: ಹೂಂ... ಎರಡಕ್ಕೂ ಮಾಡು. ತಂಗೆವ್ವಾ, ನೀ ಒಂದೊಂದ ಹೆಸರ ಕಣ್ಣಿಲೆ ನೋಡವ್ವಾ. ಯಂತ್ರದ ಮ್ಯಾಲ ಬಿಡಬ್ಯಾಡ.

ತಂಗೆವ್ವ: ನೋಡ್ತೇನ್ರಿ. ಜಯಪಾಲಣ್ಣಾ, ಕೊಯ್ತಾಕ್ಕ ಎಷ್ಟ ಮಂದಿ ಅಂತ ಆ ಯಂತ್ರಕ್ಕೂ ಒಂದ ಪ್ರಶ್ನೆ ಕಲಸ್ರಿ. ನಾ ಇಲ್ಲದಾಗ ಅದಾರ ಕೇಳ್ಲಿ.

ಗುರುಸಿದ್ಧಪ್ಪ: ಕಾರ್ಡ್ ಎರಡಾದ್ರ ಗಾಯಾನೂ ಎರಡ ಆಗ್ತಾವಲ್ಲೋ!

ತಂಗೆವ್ವ: ಗಾಯ ಮೊದಲಿಂದನೂ ಎರಡಿದ್ದುವ್ರಿ. ಕಾರ್ಡ್ ಇವತ್ತ ಎರಡಾದುವು.

ಐದು ನಿಮಿಷಕ್ಕೆ ಯಂತ್ರ ನಾನೂರಾ ಒಂದು ಪಾಸು ಎಂದಿತು. ತಂಗೆವ್ವ ನಂಬಲಿಲ್ಲ, ಒಂದೊಂದೇ ಹೆಸರು ಕಣ್ಣಿನಿಂದ ನೋಡಿ ಮುಗಿಸಿದಳು. ಪ್ರಿಂಟರಿನಿಂದ ಹೊರಬಿದ್ದ ಕಾರ್ಡುಗಳಲ್ಲಿ ಹಣಮವ್ವನದನ್ನು ಹುಡುಕಿ, ಅಕ್ಷರ ಅಕ್ಷರ ಓದಿ, ಚೀಲಕ್ಕೆ ಹಾಕಿಕೊಂಡು ಡಿಗ್ರಜದ ಬಸ್ಸು ಹಿಡಿಯಲು ಇಳಿದಳು.

ನಿಮ್ಮ ಹೊಲಕ್ಕೂ ಈ ಹಂಗಾಮಿನಲ್ಲಿ ಕಬ್ಬು ಕಡಿಯುವವರು ಬರುತ್ತಾರೆ. ಎಷ್ಟು ಕೊಯ್ತಾ ಎಂದು ಕೇಳಬೇಡಿ. ಎಷ್ಟು ಜನ ಎಂದು ಕೇಳಿ. ಆಮೇಲೆ ಕಾರ್ಡು ತರಿಸಿ ನೀವೇ ಎಣಿಸಿ. ಒಂದು ಕಡಿಮೆ ಬಿದ್ದರೂ ಆ ದಿನ ಕಬ್ಬಿನ ಗಾಡಿಯನ್ನು ಹೊಲದಿಂದ ಬಿಡಬೇಡಿ.