ಕಂಪ್ಯೂಟರಿಗೆ ಚಿಲಕ

ಚಿಕ್ಕೋಡಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಎಲ್ಲೋ ಕೂತವರು ಜನರ ಕಂಪ್ಯೂಟರಿಗೆ ನುಗ್ಗಿ ಫೈಲು ಕದಿಯದಂತೆ ಬಂದೋಬಸ್ತ್ ಮಾಡುವುದೇ ಈಗೀಗ ಹೆಚ್ಚಿನ ಕೆಲಸ. ಕಳ್ಳರನ್ನು ಹೇಗೋ ತಡೆಯಬಹುದು, ಮಾಲೀಕರನ್ನು ತಡೆಯುವುದು ನನ್ನಪ್ಪನಾಣೆ ಆಗದು! ವಾರಕ್ಕೊಂದಾದರೂ ಇಂಥದ್ದು ಇದ್ದದ್ದೇ.

೧. ಬಾಜೂ ಅಂಗಡಿ

ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರು ಪಕ್ಕದ ಅಂಗಡಿಯವರ ಜೊತೆ ಸೇರಿ ಒಂದೇ ವೈಫೈ ಹಾಕಿಸಿದ್ದರು. ನೋಡಿದರೆ ಇವರ ಫೋಲ್ಡರುಗಳೆಲ್ಲ ಬಟಾಬಯಲು!

“ಸಾವ್ಕಾರ್ರ, ನಿಮ್ಮ ಫೈಲೆಲ್ಲಾ ಬಾಜೂದವರಿಗೆ ಕಾಣ್ತಾವ್ರಿ,” ಅಂದೆ.

ಹೌಹಾರುತ್ತಾರೆ ಅಂದುಕೊಂಡರೆ ಅವರ ಮುಖ ಅರಳಿತು. “ಹಂಗಾದ್ರ ಅವಂದೂ ನಮಗ ಕಾಣ್ತಾವೇನ್ರಿ? ಮೊದ್ಲ ಅವನ್ನ ತೋರಸ್ರಿ, ಆಮ್ಯಾಗ ಬಂದ್ ಮಾಡ್ರಿ!”

೨. ಬಾಯಿಪಾಠ

ರಾಯಬಾಗದ ಕಡೆಯ ಶಾಲೆಯೊಂದರ ಟೀಚರ್ ತಮ್ಮ ಕಂಪ್ಯೂಟರಿನಲ್ಲಿ ಪ್ರಶ್ನೆಪತ್ರಿಕೆ ಇಟ್ಟಿದ್ದರು. ಉದ್ದನೆಯ ಪಾಸ್‌ವರ್ಡ್ ಹಾಕಿಕೊಟ್ಟು, “ಎಲ್ಲೂ ಬರದಿಡಬ್ಯಾಡ್ರಿ” ಎಂದೆ. ಮುಂದಿನ ವಾರ ಹೋದಾಗ ಹೆಮ್ಮೆಯಿಂದ ಹೇಳಿದರು:

“ಎಲ್ಲೂ ಬರದಿಲ್ರಿ. ನಾ ಮರತ್ರ ಇರ್ಲಿ ಅಂತ ಏಳನೇ ಕ್ಲಾಸಿನ ಹುಡುಗ್ರಿಗೆ ಬಾಯಿಪಾಠ ಮಾಡಸೇನಿ.”

೩. ಓಡುವ ಬಾಣ

ಅಥಣಿಗೆ ಹೋಗಿದ್ದೆ. ಅಲ್ಲೇ ಫೋಟೊ ಸ್ಟುಡಿಯೊ ಇಟ್ಟಿರುವ ಗೆಳೆಯ ಬೇರೆ ಯಾರದೋ ಫೋನಿನಿಂದ ಒದರಿದ: “ಕಂಪನಿಯವ ಅಂತ ಒಬ್ಬಾವ ಫೋನ್ ಮಾಡಿ ಯಾವ್ದೋ ಆ್ಯಪ್ ಹಾಕ್ಸಿದ್ನೋ! ಈಗ ಮೌಸಿನ ಬಾಣ ತಾನ ಓಡಾಕತ್ತೈತಿ! ಒಂದ ಲಗ್ನದ ಫೋಟೊ ಪೂರಾ ಅದರಾಗ ಅದಾವು, ಬ್ಯಾರೆ ಕಾಪಿ ಇಲ್ಲೋ!”

“ನೆಟ್ಟಿನ ವೈರ್ ಕೀಳೋ!”

“ಕಿತ್ತೆ! ಕತ್ತಲಾತು! ಹೋದಾ!” ಎಂದು ಫೋನ್ ಇಟ್ಟೇಬಿಟ್ಟ.

ಕತ್ತಲಾಯಿತೆಂದರೆ ಕಿತ್ತಿದ್ದು ಸ್ಕ್ರೀನಿನ ವೈರು, ಕಳ್ಳ ಇನ್ನೂ ಒಳಗೇ ಇದ್ದಾನೆ! ಬೈಕ್ ಏರಿ ಓಡಿದೆ. ಹೋಗಿ ನೋಡುತ್ತೇನೆ, ಗೆಳೆಯನ ಫೋನು ಅವನ ತಾಯಿಯ ಕೈಯಲ್ಲಿ! ಕಳ್ಳನನ್ನೇ ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ವಿಚಾರಿಸುತ್ತಿದ್ದಾರೆ. ಯಾವ ಊರು, ಯಾರ ಪೈಕಿ, ಮನೆಯಲ್ಲಿ ಎಷ್ಟು ಜನ, “ಲಗ್ನ ಝಾಲಂ ಕಾ?” ಅಂದರೆ ಮದುವೆ ಆಗಿದೆಯಾ? ಅವನೂ ತೊದಲುತ್ತ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದಾನೆ!

ನೆಟ್ಟಿನ ವೈರು ಕಿತ್ತೆ. ಅತ್ತ ಕಳ್ಳ ಫೋನ್ ಇಟ್ಟ. ಸ್ಕ್ರೀನ್ ಹಚ್ಚಿ ನೋಡಿದರೆ ಒಂದು ಫೋಟೊವೂ ಹೋಗಿರಲಿಲ್ಲ. ತಾಯಿಯ ಪ್ರಶ್ನೆಗಳ ನಡುವೆ ಅವನಿಗೆ ಕದಿಯಲು ಪುರುಸೊತ್ತೇ ಸಿಕ್ಕಿರಲಿಲ್ಲ! ಗೆಳೆಯ ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟ. ತಾಯಿ ಮಾತ್ರ ನನ್ನ ಮೇಲೆ ಹರಿಹಾಯ್ದರು:

“ಎರಡ ನಿಮಿಷ ತಡ್ಯಾಕ ಏನಾಗಿತ್ತೋ ನಿಂಗ! ಹುಡುಗಂದು ಮನ್ಯಾಗ ಕುಂತ ಮಾಡೂ ಕೆಲಸ, ಕುಡ್ಯೂದಿಲ್ಲ, ಒಬ್ಬನ ಮಗ. ನಮ್ಮ ತಂಗಿ ಮಗಳ ಫೋಟೊನೂ ಅದರಾಗ ಐತಿ, ಹುಡಿಕಿ ತಗೋಪಾ ಅಂತ ಹೇಳೂದಷ್ಟ ಉಳದಿತ್ತು!”